ಹತ್ತಕ್ಕೆ ಹತ್ತು

ಸೊಸೆ ಗಡಿಬಿಡಿಯಲ್ಲಿ ಅತ್ತೆಯ ತಲೆಗೆ ತಂತಿಗಳ ಟೋಪಿ ತೊಡಿಸಿ, ಅದನ್ನು ಯಂತ್ರದ ಪೆಟ್ಟಿಗೆಗೆ ಸಿಕ್ಕಿಸಿದಳು. ಬಾಗಿಲಿಗೊರಗಿ ನಿಂತಿದ್ದ ನಾದಿನಿ ನಕ್ಕಳು.

“ಡಬ್ಬಿ ನಿಮ್ಮದು ಅತ್ತಿಗೆ. ನೀವು ಕುಣಿಸಿದ ಹಾಗೆ ಕುಣಿಯುತ್ತೆ.”

ಪಾರ್ಶ್ವವಾಯು ಬಡಿದ ಮೂರು ವರ್ಷಗಳಿಂದ ಅತ್ತೆಗೆ ಕಿವಿ ಕೇಳಿಸುತ್ತಿತ್ತು, ಅಷ್ಟೇ. ಮಾತಿಲ್ಲ, ರೆಪ್ಪೆಯೂ ಹಿಡಿತದಲ್ಲಿಲ್ಲ. ಸೊಸೆಗೆ ಪ್ರಯೋಗಾಲಯದಲ್ಲಿ ಕೆಲಸ. ಬುರುಡೆ ಕೊರೆಯದೆ, ಹೊರಗಿನಿಂದಲೇ ಮೆದುಳಿನ ಅಲೆ ಹಿಡಿದು, ಮನಸ್ಸಿನೊಳಗೆ ಆಡಿದ ಧ್ವನಿ ಯಾವುದೆಂದು ಮೆದುಳಿನಂತೆ ಕಲಿಯಬಲ್ಲ ಕಂಪ್ಯೂಟರಿನ ನರಜಾಲಕ್ಕೆ ಕಲಿಸುವುದು. ಮಗುವಿಗೆ ಅಕ್ಷರ ತಿದ್ದಿಸುವ ತಾಳ್ಮೆಯಿಂದ, ಅಡುಗೆಯ ಬಿಡುವಿನಲ್ಲಿ, ಆರು ತಿಂಗಳು ಅತ್ತೆಯ ‘ಆ’ ಮತ್ತು ‘ಈ’ಗಳನ್ನು ಅದಕ್ಕೆ ಕಲಿಸಿದ್ದಳು. ಹತ್ತರಲ್ಲಿ ಏಳೆಂಟು ಸರಿ ಬರುತ್ತಿದ್ದವು.

ಈಗ ತಾಯಿಯನ್ನು ಕರೆದೊಯ್ಯಲು ಮಗಳು ಬಂದಿದ್ದಾಳೆ. ಬಿಡುವುದಿಲ್ಲವೆಂದು ಮಗ. ಕೊನೆಗೆ ತಾಯಿಯನ್ನೇ ಕೇಳುವುದೆಂದಾಯಿತು: ಇಲ್ಲೇ ಇರುವುದಾದರೆ ‘ಆ’, ಮಗಳ ಮನೆಗಾದರೆ ‘ಈ’. ಹತ್ತು ಸಲ.

ಪರದೆಯ ಮೇಲೆ ‘ಆ’ ಮೂಡಿತು. ಮತ್ತೆ ‘ಆ’... ಮತ್ತೆ... ಹತ್ತಕ್ಕೆ ಹತ್ತು!

ಗಂಡ ಕಣ್ಣೊರೆಸಿಕೊಂಡ. ನಾದಿನಿ ಚೀಲ ಎತ್ತಿಕೊಂಡಳು. ಸೊಸೆಗೆ ಮಾತ್ರ ನಂಬಿಕೆ ಬರಲಿಲ್ಲ. ಯಂತ್ರ ಒಂದು ದಿನವೂ ಹತ್ತಕ್ಕೆ ಹತ್ತು ಹೇಳಿದ್ದಿಲ್ಲ. ಪೆಟ್ಟಿಗೆ ನೋಡಿದಳು. ಟೋಪಿಯಿಂದ ಅಲೆ ಬರುವಾಗ ಉರಿಯಬೇಕಾದ ಹಸಿರು ದೀಪ ಉರಿಯುತ್ತಿರಲಿಲ್ಲ. ಓಡಿದ್ದು ಯಂತ್ರಕ್ಕೆ ಪಾಠ ಹೇಳಿದ ಹಳೆಯ ದಾಖಲೆ. ಅದರಲ್ಲಿದ್ದದ್ದು ಬರೀ ‘ಆ’, ಯಂತ್ರಕ್ಕೆ ಬಾಯಿಪಾಠ. ಗಡಿಬಿಡಿಯಲ್ಲಿ ಅದನ್ನು ತೆಗೆದಿರಲಿಲ್ಲ...

ಸುಮ್ಮನಿದ್ದರೆ ಅತ್ತೆ ಉಳಿಯುತ್ತಾರೆ. ಯಾರಿಗೂ ತಿಳಿಯದು. ನಾದಿನಿ ಹೊಸಿಲು ದಾಟುತ್ತಿದ್ದಳು.

“ನಿಲ್ಲಿ. ಇದು ಅತ್ತೆ ಹೇಳಿದ್ದಲ್ಲ. ನಾನು ತಪ್ಪು ಮಾಡಿದೆ.”

“ಬಾಯಿ ಮುಚ್ಚಿಕೊಂಡು ಇರೋಕಾಗಲ್ವಾ ನಿನಗೆ?” ಗಂಡ ಹಲ್ಲು ಕಚ್ಚಿದ.

“ಅವರಿಗಿರೋದು ಎರಡೇ ಮಾತು. ಅದನ್ನೂ ನಾನೇ ಆಡಿಬಿಡಲಾ?”

ಈ ಬಾರಿ ಹಸಿರು ದೀಪ ಉರಿಯುವುದನ್ನು ಮೂವರೂ ನೋಡಿದರು. ‘ಈ’... ‘ಈ’... ‘ಆ’... ‘ಈ’... ಹತ್ತರಲ್ಲಿ ಎಂಟು ‘ಈ’. ಗಂಡ ಎದ್ದು ಹೋದ. ಸೊಸೆ ಟೋಪಿ ಬಿಚ್ಚಿ, ಅತ್ತೆಯ ಕೂದಲಿಗೆ ಮೆತ್ತಿದ್ದ ಅಂಟು ತೊಳೆಯಲು ಬಿಸಿನೀರು ತಂದಳು. ಮೂರು ವರ್ಷ ಎತ್ತಿ, ಮಲಗಿಸಿ, ತುತ್ತಿಟ್ಟ ಕೈ... ಅತ್ತೆಗೆ ಮಗಳು ಬೇಕೆನಿಸಿದರೆ ಅದರಲ್ಲಿ ತಪ್ಪೇನು? ಹಾಗೆಂದುಕೊಂಡರೂ ಕಣ್ಣು ಕೇಳಲಿಲ್ಲ.

ಪಕ್ಕದಲ್ಲಿ ಚೊಂಬಿನ ಸದ್ದಾಯಿತು. ನಾದಿನಿ ನೀರು ಹುಯ್ಯತೊಡಗಿದ್ದಳು.

“ಟೋಪಿ ಹಾಕೋದು ನನಗೂ ಕಲಿಸಿ ಅತ್ತಿಗೆ,” ಎಂದಳು ತಲೆ ಎತ್ತದೆ. “ನಾಳೆ ಅಮ್ಮ ನಿಮ್ಮ ಹತ್ತಿರ ವಾಪಸ್ ಹೋಗ್ತೀನಿ ಅಂದ್ರೆ, ನನಗೆ ಗೊತ್ತಾಗಬೇಕಲ್ಲ.”