ಸೋಲಾರ್ ಮೇಲಿನ ಸಂಡಿಗೆ

“ಏನ್ರೀ ಯೋಗರಾಜ್, ಇಷ್ಟು ಬಿಸಿಲಲ್ಲಿ ಇಷ್ಟೇನಾ ಕರೆಂಟು?” ಇಂಜಿನಿಯರ್ ಜ್ಞಾನೇಶ್ ಮೀಟರ್ ನೋಡುತ್ತ ಕೇಳಿದರು.

ಇಂಪನಾಳ ಅಪ್ಪ ಯೋಗರಾಜ್ ವೈರುಗಳನ್ನೆಲ್ಲ ಮತ್ತೆ ಪರೀಕ್ಷಿಸಿದರು. ಎಲ್ಲ ಸರಿಯಾಗಿಯೇ ಇತ್ತು. ಪಾಪ, ಅವರ ಅಂಗಿ ಬೆವರಿನಿಂದ ತೊಯ್ದುಹೋಗಿತ್ತು.

ಭದ್ರಾವತಿಯ ಕಾಗದನಗರದ ಪೇಪರ್ ಕಾರ್ಖಾನೆ ಮುಚ್ಚಿದ ಮೇಲೆ ಅಪ್ಪನಿಗೆ ನೆಟ್ಟಗೊಂದು ಕೆಲಸ ಸಿಕ್ಕಿರಲಿಲ್ಲ. “ಹಸಿ ಕಾಗದ ಹರೀದಂಗೆ ಎತ್ತೋದು ಬಿಟ್ರೆ ಈ ಕೈಗೆ ಇನ್ನೇನು ಬರುತ್ತೆ?” ಎನ್ನುತ್ತಿದ್ದರು. ಈಗ ಸರ್ಕಾರ ಸಬ್ಸಿಡಿ ಕೊಡುತ್ತಿದೆ, ಶಿವಮೊಗ್ಗದ ತಾರಸಿಗಳ ಮೇಲೆಲ್ಲ ಸೋಲಾರ್ ಬರುತ್ತಿದೆ. ಅಪ್ಪ ಟ್ರೈನಿಂಗ್ ಮುಗಿಸಿ, ಗೋಪಾಳ ಬಡಾವಣೆಯ ಈ ಮನೆಯಲ್ಲಿ ಮೊದಲ ಸಲ ತಾವೇ ಪ್ಯಾನೆಲ್ ಕೂರಿಸಿದ್ದರು. ಇಂದಿನ ತಪಾಸಣೆಯಲ್ಲಿ ಪಾಸಾದರೆ ತಿಂಗಳ ಸಂಬಳದ ಕೆಲಸ. ಭಾನುವಾರವೆಂದು ಇಂಪನಾಳೂ ಭದ್ರಾವತಿಯಿಂದ ಜೊತೆಗೆ ಬಂದಿದ್ದಳು.

“ಪ್ಯಾನೆಲ್ ಮೇಲೆ ನೆರಳೇನಾದ್ರೂ ಬಿದ್ದಿದ್ಯಾ?” ಎಂದರು ಜ್ಞಾನೇಶ್.

ಇಂಪನಾ ತಾರಸಿಯ ಮೆಟ್ಟಿಲ ಕಡೆ ನೋಡಿದಳು. ಸ್ವಲ್ಪ ಹೊತ್ತಿನ ಮುಂಚೆ ಆ ಮನೆಯ ಅಜ್ಜಿ ಕರಿಬಸಮ್ಮ, “ನಂಗೆ ಬಗ್ಗಕ್ಕಾಗಲ್ಲ ಪುಟ್ಟಿ, ನೀನೇ ಸಂಡಿಗೆ ಇಟ್ಕೊಡು. ತಾರಸಿ ನೆಲದ ಮೇಲೆಲ್ಲ ಈ ಪ್ಯಾನೆಲ್‌ದೇ ನೆರಳು, ಅದರ ಮೇಲೇ ಪಂಚೆ ಹಾಸು” ಎಂದಿದ್ದರು.

ಹೇಳಿದರೆ ಅಪ್ಪನ ಕೆಲಸ ಹೋದೀತೇ? ಹೇಳದಿದ್ದರೂ ಹೋಗುತ್ತದಲ್ಲ!

“ಅಪ್ಪಾ... ನಾನು... ಸಂಡಿಗೆ...”

ಎಲ್ಲರೂ ತಾರಸಿಗೆ ಓಡಿದರು. ಪ್ಯಾನೆಲ್ ಮೇಲೆ ಬಿಳಿ ಪಂಚೆ. ಅದರ ತುಂಬ ಸಂಡಿಗೆ, ಒಂದು ಮದುವೆಗೆ ಸಾಕಾಗುವಷ್ಟು!

“ಅಯ್ಯೋ ಮಾರಾಯ್ತಿ!” ಅಪ್ಪ ತಲೆ ಹಿಡಿದುಕೊಂಡರು.

ಜ್ಞಾನೇಶ್ ಪಂಚೆ ಎಳೆಯಲು ಹೋದರು. ಏದುಸಿರು ಬಿಡುತ್ತ ಹತ್ತಿ ಬಂದ ಅಜ್ಜಿ, “ಎಳೀಬೇಡಪ್ಪಾ, ಇನ್ನೂ ಹಸಿ ಐತೆ! ಮಗೂನೂ ಬೈಬೇಡಿ, ಹೇಳಿದ್ದು ನಾನು” ಎಂದು ಕೂಗಿದರು.

“ತಡೀರಿ ಸರ್. ಆ ಕಡೆ ತುದಿ ಹಿಡ್ಕೊಳಿ, ಬಿಗಿಯಾಗಿ” ಎಂದರು ಅಪ್ಪ. ಈ ಕಡೆಯ ತುದಿಯನ್ನು ತಾವು ಹಿಡಿದು, ಮೆಲ್ಲಗೆ ಎತ್ತಿ ನೆಲಕ್ಕಿಳಿಸಿದರು. ಒಂದು ಸಂಡಿಗೆಯೂ ಜಾರಲಿಲ್ಲ.

ಕೆಳಗೆ ಬಂದು ನೋಡಿದರೆ ಮೀಟರ್ ಸರ್ರನೆ ಮೇಲೇರಿತ್ತು.

“ಕೆಲಸ ಅಚ್ಚುಕಟ್ಟಾಗಿದೆ ಕಣ್ರೀ. ನಾಳೆ ಆಫೀಸಿಗೆ ಬಂದು ಯೂನಿಫಾರ್ಮಿಗೆ ಅಳತೆ ಕೊಡಿ” ಎಂದು ಜ್ಞಾನೇಶ್ ನಕ್ಕರು.

ಊರಿಗೆ ಮರಳುವ ಬಸ್ಸಿನಲ್ಲಿ ಅಪ್ಪ ಕಿಟಕಿಯಾಚೆ ನೋಡುತ್ತಿದ್ದರು. ಅವರ ಬೆರಳಿಗೆ ಸಂಡಿಗೆ ಹಿಟ್ಟು ಅಂಟಿ ಒಣಗಿತ್ತು. ಇಂಪನಾ ಅದನ್ನು ಉಗುರಿನಿಂದ ಕೆರೆದಳು. ಅಪ್ಪ ಒಂದು ಮಾತೂ ಬೈಯಲಿಲ್ಲವಲ್ಲ ಎಂದು ಅವಳಿಗೆ ಅಳು ಬಂತು.

“ಅಪ್ಪಾ, ಹಸಿ ಕಾಗದ ಎತ್ತುತ್ತಿದ್ದ ಕೈ ಇದೇ ಅಲ್ವಾ?”

“ಇದೇ ಪುಟ್ಟಿ.”

ಭದ್ರಾವತಿ ಬರುವವರೆಗೂ ಅವಳು ಆ ಕೈ ಬಿಡಲಿಲ್ಲ.