ದಕಾರಕ್ಕೆ ಗುಡಿಸು

"ಆ ಕಪ್ಪು ಮಚ್ಚೆ ಮುಟ್ಟಬೇಡಮ್ಮಾ," ಎಂದ ಅಚ್ಚಿನ ಮೊಳೆ ಜೋಡಿಸುವ ಅಜ್ಜ, ಕೋಣೆಯ ಹೊರಗೇ ನಿಂತು. "ಕೊನೇ ಕತೇಲಿ ಒಂದು ಅಕ್ಷರದ ಮೊಳೆ ಬೇಕಂತಲೇ ತಲೆಕೆಳಗೆ ಹಾಕಿದ್ದೀನಿ, ಅದರ ಬುಡವೇ ಮಚ್ಚೆಯಾಗಿ ಮೂಡಿರೋದು. ಹಿಂದೊಮ್ಮೆ ಇದರ ಕರಡು ನೋಡಿದವರು ಈ ಕೋಣೆಯಿಂದ ಹೊರಗೆ ಬರಲೇ ಇಲ್ಲ."

ಕರಡು ತಿದ್ದುವಾಕೆ ಈ ಅಚ್ಚುಕೂಟಕ್ಕೆ ಸೇರಿ ಎಂಟು ದಿನವಾಗಿತ್ತು. ಅಂಗಡಿ ಬೋರ್ಡಿನಲ್ಲಿ ಕಾಗುಣಿತ ತಪ್ಪಿದ್ದರೂ ಮೈ ಪರಚಿಕೊಳ್ಳುವ ಜೀವ ಅದು.

"ತಪ್ಪು ಮಾಡಿ ಅದಕ್ಕೊಂದು ದೆವ್ವ ಕಟ್ಟೋದು ನಿಮ್ಮ ಹತ್ತಿರ ಕಲೀಬೇಕು ಅಜ್ಜ," ಎಂದು ನಕ್ಕಳು.

"ಪುಟ ಹರಿಯೋದು, ಸುಡೋದೂ ಬೇಡ. ಆಮೇಲೆ ಮಾಟದ ಕಟ್ಟು ಬಿಚ್ಚೋಕೇ ಆಗಲ್ಲ." ಅಜ್ಜ ಹೊರಟುಹೋದ.

ಪ್ರೇಮದ ಕಾದಂಬರಿ ಬರೆದು ಮನೆಮಾತಾಗಿದ್ದ ಲೇಖಕ ಒಂದೇ ಒಂದು ಸಲ ಮಾಟದ ಕತೆಗಳನ್ನು ಬರೆದಿದ್ದ. ಆ ಪುಸ್ತಕವನ್ನು ಯಾರೂ ಮೂಸಲಿಲ್ಲ. ಪ್ರತಿಗಳು ಗೋಡೌನಿನಲ್ಲಿ ಗೆದ್ದಲಿನ ಪಾಲಾದವು. ಈಗ ಮರುಮುದ್ರಣ. ಕೊನೆಯ ಕತೆಯಲ್ಲಿ ಮಾಟಗಾರನೊಬ್ಬ ಗೋಡೆಯ ಮೇಲೆ ಒಂದು ಸಾಲು ಬರೆಯುತ್ತಾನೆ. ಅದು ಲೇಖಕನ ಕಲ್ಪನೆಯಲ್ಲ, ನಿಜವಾದ ಮಾಟಗಾರನ ಬಾಯಿಂದ ಬಂದದ್ದು ಎಂಬುದು ಅಜ್ಜನ ವಾದ.

ಕೋಣೆಗೆ ಕಿಟಕಿಯಿರಲಿಲ್ಲ. ಒಂದೇ ಬಲ್ಬು, ಅದೂ ಆಗಾಗ ಮಿಣುಕುತ್ತಿತ್ತು. ಸೀಮೆಎಣ್ಣೆಯ ವಾಸನೆ, ಮುಗ್ಗಲು ಕಾಗದದ ವಾಸನೆ. ಮೇಜಿನ ಕೆಳಗೆ, ಶಾಲೆಯಿಂದ ಬಂದಿದ್ದ ಐದು ವರ್ಷದ ಮಗಳು ರದ್ದಿ ಕಾಗದದಲ್ಲಿ ದೋಣಿ ಮಡಚುತ್ತಿದ್ದಳು. ಅಕ್ಷರ ಅವಳ ತಲೆಗೆ ಇನ್ನೂ ಹತ್ತಿರಲಿಲ್ಲ. ದೋಣಿ ಮಾತ್ರ ಚೆನ್ನಾಗಿ ಬರುತ್ತಿತ್ತು.

ಆ ಸಾಲು ಬಂತು. 'ಓ', ನಂತರ ಕಪ್ಪು ಮಚ್ಚೆ, ನಂತರ 'ದವರು ಒಳಗೇ ಇರಲಿ'. ಇದಕ್ಕೇನು ಪಂಡಿತರು ಬೇಕೆ? ಕೆಂಪು ಪೆನ್ನಿನಿಂದ 'ದ' ಬರೆದಳು, ಅದಕ್ಕೊಂದು ಗುಡಿಸು ಕೊಟ್ಟಳು. ತಿದ್ದಿದ್ದನ್ನು ಒಮ್ಮೆ ಗಟ್ಟಿಯಾಗಿ ಓದುವುದು ಅವಳ ಅಭ್ಯಾಸ.

"ಓದಿದವರು ಒಳಗೇ ಇರಲಿ."

ಹೊರಗೆ ಯಂತ್ರದ ಸದ್ದು ನಿಂತಿತು. ಕೂದಲು ಸುಟ್ಟ ನಾತ ಬಂತು. ತಲೆಯೆತ್ತಿದಳು. ಬಾಗಿಲಿರಲಿಲ್ಲ. ನಾಲ್ಕೂ ಕಡೆ ಸುಣ್ಣದ ಗೋಡೆ. ತಡವಿದಳು. ತಟ್ಟಿದಳು. ಗೋಡೆ ಬೆಚ್ಚಗಿತ್ತು.

"ಯಾಕಮ್ಮಾ ಗೋಡೆ ತಟ್ತೀಯ? ಬಾಗಿಲು ಇಲ್ಲೇ ಇದೆಯಲ್ಲ," ಎಂದು ಮಗಳು ಎದ್ದು ಗೋಡೆಯೊಳಗೇ ನಡೆದುಹೋದಳು. ಸ್ವಲ್ಪ ಹೊತ್ತಿನಲ್ಲಿ ಅಲ್ಲಿಂದಲೇ ವಾಪಸು ಬಂದಳು.

"ಅಜ್ಜ ಹೇಳಿದ್ರು, ಆ ಅಕ್ಷರಕ್ಕೆ ಪೂರ್ತಿ ಮಸಿ ಬಳೀಬೇಕಂತೆ. ಪೂರ್ತಿ."

ಅವಳು ಪೆನ್ನು ಹಿಡಿದಳು. ಕೈ ತಡೆಯಿತು. ಅಕ್ಷರ ಪೂರ್ತಿ ಹೋದರೆ ಪದಕ್ಕೆ ಅರ್ಥವೇ ಇಲ್ಲ. ಅರ್ಥವಿಲ್ಲದ ಪದವನ್ನು ಪುಟದಲ್ಲಿ ಬಿಡುವುದು ಅವಳ ಜನ್ಮದಲ್ಲಿ ಆಗದ ಮಾತು. ಗುಡಿಸು ತೆಗೆದರೆ ಸಾಕಲ್ಲ? ತೆಗೆದಳು. ಓದಿದಳು.

"ಓದದವರು ಒಳಗೇ ಇರಲಿ."

ಬಾಗಿಲು ಕಂಡಿತು. ಮಗಳ ಕೈ ಹಿಡಿದಳು. ಓಡಿದಳು. ಬೆಳಕು. ಗಾಳಿ. ಎದುರಿಗೆ ಅಜ್ಜ. ಅವಳು ತನ್ನ ಕೈ ನೋಡಿಕೊಂಡಳು. ಒಂದರಲ್ಲಿ ಕೆಂಪು ಪೆನ್ನು. ಇನ್ನೊಂದು ಖಾಲಿ. ಹಿಂದೆ ಬರೀ ಗೋಡೆ.

"ಅಮ್ಮಾ, ಬಾಗಿಲು ಎಲ್ಲಿ?" ಗೋಡೆಯ ಆಚೆಯಿಂದ ಮಗಳ ದನಿ.

"ಪೂರ್ತಿ ಅಂದಿದ್ದೆನಲ್ಲಮ್ಮಾ," ಎಂದು ಅಜ್ಜ ಕುಸಿದು ಕೂತ. "ಮಗು ಕೈಲಿ ಮಸಿ ಬಳಿಸೋಕೆ ಒಳಗೆ ಇನ್ನೊಂದು ಪೆನ್ನಿದೆಯಾ?"

ಇರಲಿಲ್ಲ.

"ಹಾಗಾದ್ರೆ ಮಗುವೇ ಆ ಸಾಲು ಓದಬೇಕು."

ಅವಳು ಗೋಡೆಗೆ ಬಾಯಿಟ್ಟು ಸಾಲನ್ನು ಹೇಳಿಕೊಟ್ಟಳು. ಮಗಳು ಒಂದಕ್ಷರ ತಪ್ಪದೆ ಒಪ್ಪಿಸಿದಳು. ಗೋಡೆ ಅಲುಗಲಿಲ್ಲ.

"ಬಾಯಿಪಾಠ ನಡೆಯಲ್ಲ," ಎಂದ ಅಜ್ಜ.

ಅವಳು ಕಣ್ಣೀರು ಒರೆಸಿಕೊಂಡಳು. "ಪುಟ್ಟಿ, ಕೆಂಪು ಶಾಯಿ ಇರೋ ಸಾಲು ನೋಡು. ಸೊನ್ನೆ ಥರ ಇರತ್ತೆ, ಅದರ ತಲೆ ಮೇಲೊಂದು ತಲೆಕಟ್ಟು. ಅದು 'ರ'. ಹುಡುಕು ಮಗಳೇ."

ಗೋಡೆಯ ಆಚೆ ಕಾಗದ ಸರಸರ ಎಂದಿತು.

"ಸಿಕ್ತು ಅಮ್ಮಾ, ಒಂದೇ ಒಂದು."

"ಜಾಣೆ. ಈಗ ಅದರ ಪಕ್ಕದ್ದು ನೋಡು."

"ಅಮ್ಮಾ, ಬಲ್ಬು ಹೋಯ್ತು. ಏನೂ ಕಾಣ್ತಿಲ್ಲ."