ಅವಳು ಕರೆದದ್ದು ಯಾವ ಮುನಿಯನ್ನು?

"ಹೆಸರು ಹೇಳಿ."

ಆ ದನಿ ಕೇಳಿದ್ದೇ ತಡ, ರಾಧಾಮಣಿಯ ಎದೆ ಧಸಕ್ಕೆಂದಿತು. ತಲೆ ಎತ್ತುವ ಧೈರ್ಯ ಬರಲಿಲ್ಲ.

ಇವನಾ...? ಇಲ್ಲಿ...?

ತೋಳನಬಂಡೆ ಬೆಟ್ಟದ ಬುಡದಲ್ಲಿ, ಕಾಡಿಗೆ ಹೋಗುವ ಗೇಟಿನ ಪಕ್ಕ, ಮೇಜಿನ ಮೇಲೆ ರಿಜಿಸ್ಟರ್ ಬಿಡಿಸಿಕೊಂಡು ಕೂತಿದ್ದವನು ಮುನೀಂದ್ರ! ಹತ್ತು ತಿಂಗಳಾಗಿತ್ತು ಆ ಮುಖ ನೋಡಿ.

"ರಾಧಾ..." ಎಂದಳು ಮೆಲ್ಲಗೆ.

"ಪೂರ್ತಿ ಹೆಸರು ಹೇಳಿ ಮೇಡಂ. ಇಲ್ಲಿ ಅರ್ಧ ಹೆಸರು ಬರ್ಕೊಳಲ್ಲ."

ಮೇಡಂ! ಒಂದು ಕಾಲದಲ್ಲಿ 'ಮಣಿ' ಎಂದು ಕರೆಯುತ್ತಿದ್ದವನು.

"ರಾಧಾಮಣಿ," ಎಂದಳು. ಪೂರ್ತಿ ಹೆಸರನ್ನು ಅವನು ಯಾಕೆ ಕೇಳುತ್ತಾನೆಂದು ಆ ಗೇಟಿನಲ್ಲಿ ನಿಂತವರ ಪೈಕಿ ಅವಳೊಬ್ಬಳಿಗೆ ಮಾತ್ರ ಗೊತ್ತಿತ್ತು.

ಹಿಂದಿನಿಂದ ಭೀಮರಾಜ್ ಜೋರಾಗಿ ನಕ್ಕರು. ಅಲ್ಲಾಳಸಂದ್ರ ಕೆರೆಯ ವಾಕಿಂಗ್ ಬಳಗಕ್ಕೆ ಅವರೇ ಯಜಮಾನರು.

"ಓಹೋ, ನೀನಾ! ಇವತ್ತಾದ್ರೂ ತಲೆ ಸರಿಯಾಗಿ ಎಣಿಸ್ತೀಯೇನಪ್ಪ?"

ಮುನೀಂದ್ರನ ಪೆನ್ನು ಒಂದು ಕ್ಷಣ ನಿಂತಿತು.

ರಾಧಾಮಣಿ ಕಣ್ಣು ಮುಚ್ಚಿಕೊಂಡಳು. ಆ ಮಾತು ಬೀಳಬೇಕಾಗಿದ್ದದ್ದು ಅವಳ ಮೇಲೆ...

ಹತ್ತು ತಿಂಗಳ ಹಿಂದೆ ಇದೇ ಬೆಟ್ಟಕ್ಕೆ ಬಳಗದವರು ಬಂದಿದ್ದರು. ಯಲಹಂಕದ ಶಾಲೆಯ ಆಫೀಸಿನಲ್ಲಿ ಕೆಲಸ ಮಾಡುವ ರಾಧಾಮಣಿಗೆ ಹಾಜರಿ ಕರೆಯುವ ಹೊಣೆ. ಜಕ್ಕೂರಿನಲ್ಲಿ ಬೋರ್ಡ್ ಬರೆಯುವ ಮುನೀಂದ್ರನಿಗೆ ಎಲ್ಲರಿಗಿಂತ ಕೊನೆಗೆ ನಡೆದು, ಯಾರೂ ಹಿಂದೆ ಉಳಿಯದಂತೆ ನೋಡಿಕೊಳ್ಳುವ ಕೆಲಸ. ಅವರಿಬ್ಬರ ನಡುವೆ ಏನು ಚಿಗುರುತ್ತಿದೆಯೆಂದು ಬಳಗಕ್ಕೂ ಗೊತ್ತಿರಲಿಲ್ಲ, ಮನೆಗಳಿಗೂ ಗೊತ್ತಿರಲಿಲ್ಲ.

ಸಂಜೆ ಹೊರಡುವ ಹೊತ್ತು. ಬಸ್ಸಿನ ಬಾಗಿಲಲ್ಲಿ ನಿಂತು ಅವಳು ಪಟ್ಟಿ ಓದಿದಳು. ಜಾಲಹಳ್ಳಿಯ ಫ್ಯಾಕ್ಟರಿಯಿಂದ ನಿವೃತ್ತರಾದ ಮುನಿಯಣ್ಣನವರ ಹೆಸರನ್ನು ಅವಸರದಲ್ಲಿ 'ಮುನಿ' ಎಂದಷ್ಟೇ ಬರೆದುಕೊಂಡಿದ್ದಳು.

"ಮುನಿ...?"

"ಬಂದೆ!"

ಅದು ಮುನೀಂದ್ರನ ದನಿ. ಅವಳು ಅವನನ್ನು ಗುಟ್ಟಾಗಿ ಕರೆಯುತ್ತಿದ್ದ ಹೆಸರೂ ಅದೇ ಅಲ್ಲವೆ! ಎಲ್ಲರೆದುರು ಆ ಹೆಸರಿಗೆ ಅವನು ಓಗೊಟ್ಟಿದ್ದು ಕೇಳಿ ಅವಳ ಮೈಯೆಲ್ಲ ಜುಮ್ಮೆಂದಿತು. ನಾಚಿ, ತುಟಿ ಕಚ್ಚಿ, ಪಟ್ಟಿಯಲ್ಲಿ ಟಿಕ್ ಹಾಕಿದಳು.

ಬಸ್ಸು ಹೊರಟಿತು.

ಮುನಿಯಣ್ಣನವರು ಬಸ್ಸಿನಲ್ಲಿರಲಿಲ್ಲ. ಮನೆಯ ಪೂಜೆಗೆಂದು ದೊಣೆಯ, ಅಂದರೆ ಬಂಡೆಯ ಹೊಂಡದ, ನೀರು ತರಲು ಬಂಡೆಯ ಸಂದಿಗೆ ಇಳಿದವರು ಜಾರಿ ಬಿದ್ದಿದ್ದರು. ಫೋನು ಒಡೆದು, ಕಾಲು ಮುರಿದು, ಐದು ಗಂಟೆ ಕಾಲ ಒಬ್ಬರೇ ಕೂಗಿದ್ದರು. ಕೊನೆಗೆ ತೋಳನಬಂಡೆಯ ಹಳ್ಳಿಯವರು ಹುಡುಕಿ ಹೊತ್ತು ತಂದರು.

ಸುದ್ದಿ ತಿಳಿದಾಗ ರಾಧಾಮಣಿ ಮಾಡಿದ ಮೊದಲ ಕೆಲಸ... ದೇವರೇ! ಅವಳು ಆ ಪಟ್ಟಿಯನ್ನು ಹರಿದು ಹಾಕಿದಳು.

ಮರುದಿನ ಬಳಗದವರು ಸೇರಿದಾಗ ಮುನೀಂದ್ರ ಎದ್ದು ನಿಂತು, "ಕೊನೇಲಿ ಬಂದೋನು ನಾನು. ನಾನೇ ನೋಡ್ಲಿಲ್ಲ," ಎಂದುಬಿಟ್ಟ. ಅವಳು ತಲೆ ತಗ್ಗಿಸಿ ಕೂತಿದ್ದಳು. ಒಂದೇ ಒಂದು ಮಾತು ಆಡಲಿಲ್ಲ.

ಆಮೇಲೆ ನಾಲ್ಕು ಸಲ ಫೋನ್ ಮಾಡಿದಳು. ಅವನು ಎತ್ತಲಿಲ್ಲ. ನನ್ನ ಮುಖ ನೋಡೋಕೂ ಅಸಹ್ಯ ಅವನಿಗೆ, ಎಂದುಕೊಂಡಳು. ಮುಂಜಾನೆ ಅಮ್ಮ ದೇವರ ಮುಂದೆ ಕೂತು ಪದ್ಯ ಹೇಳುವಾಗ ಅವಳೂ ಚಿಕ್ಕಂದಿನಿಂದ ದನಿಗೂಡಿಸುತ್ತಿದ್ದಳು. ಈಗ 'ಅಪರಾಧ' ಎಂಬ ಮಾತು ಬಂದ ಕಡೆ ತುಟಿ ಅಲ್ಲೇ ನಿಂತುಬಿಡುತ್ತಿತ್ತು. ಅಮ್ಮ ತಿರುಗಿ ನೋಡುತ್ತಿದ್ದಳು.

ಇವತ್ತು ಬೆಟ್ಟ ಹತ್ತುವಾಗ ತಿರುವು ತಿರುವಿನಲ್ಲೂ ಬಂಡೆಯ ಮೇಲೆ ಹಳದಿ ಬಾಣದ ಗುರುತುಗಳು ಕಂಡವು. ಮುದ್ದಾದ ದುಂಡು ಅಕ್ಷರ... 'ದೇವಸ್ಥಾನದ ದಾರಿ', 'ದನದ ದಾರಿ, ಹೋಗಬೇಡಿ'. ದೊಣೆಗೆ ಇಳಿಯುವ ಕಡೆ ಹಗ್ಗದ ಬೇಲಿ. ಪ್ರತಿ ಭಾನುವಾರ ಅವನೇ ಬಂದು ಮಾಡಿದ್ದಂತೆ.

ಉಳಿದವರು ಮುಂದೆ ಹೋಗುವವರೆಗೆ ಕಾದು ಅವಳು, ಹಿಂದೆಯೇ ಬರುತ್ತಿದ್ದ ಅವನತ್ತ ತಿರುಗಿ ನಿಂತಳು.

"ಮುನಿ..."

"ಹಂಗೆ ಕರೀಬೇಡಿ." ಅವನು ಎತ್ತಲೋ ನೋಡುತ್ತ ಹೇಳಿದ. "ನಡೀರಿ, ಕೊನೇಲಿ ನಾನಿರ್ತೀನಿ."

ಅವಳ ಕಣ್ಣು ತುಂಬಿತು. ದಾರಿ ಮಂಜಾಯಿತು.

ಮಧ್ಯಾಹ್ನ ಕೆಳಗಿಳಿದಾಗ ಹೊಂಗೆ ಮರದಡಿ ಹಳ್ಳಿಯವರು ಸೇರಿದ್ದರು. ಬೆಟ್ಟದ ದಾರಿಗಳ ಉಸ್ತುವಾರಿಯನ್ನು ಮುನೀಂದ್ರನಿಗೆ ಖಾಯಂ ಆಗಿ ವಹಿಸಬೇಕೋ ಬೇಡವೋ ಎಂದು ಇವತ್ತೇ ತೀರ್ಮಾನ. ಕಾಡಿನ ಸಮಿತಿಗೆ ಹಿರಿಯಳಾದ ಮುನಿನಾರಾಯಣಮ್ಮ ಬಾಯಲ್ಲಿ ಎಲೆಅಡಿಕೆ ಇಟ್ಟುಕೊಂಡೇ ಬಳಗದವರನ್ನು ಕೇಳಿದಳು:

"ನೀವು ಇವ್ನ ಜೊತೆ ನಡೆದೋರು. ಏಳ್ರಪ್ಪ, ಎಂಗೆ ಉಡುಗ?"

"ಅಮ್ಮಾ, ಒಬ್ಬ ಹಿರಿಯರನ್ನ ಬೆಟ್ಟದಲ್ಲಿ ಬಿಟ್ಟು ಬಂದೋನು ಇವ್ನು!" ಭೀಮರಾಜ್ ಎದ್ದರು. "ಇವ್ನ ಕೈಗೆ ದಾರಿ ಕೊಡ್ತೀರಾ?"

ಮರದ ಕಟ್ಟೆಯ ಮೇಲೆ ಊರುಗೋಲು ಹಿಡಿದು ಮುನಿಯಣ್ಣನವರೂ ಕೂತಿದ್ದರು. ಬೆಟ್ಟ ಹತ್ತಲಾಗದಿದ್ದರೂ ಬಸ್ಸಿನಲ್ಲಿ ಬಂದಿದ್ದರು.

"ನಿಜಾನೇನಪ್ಪ?" ಎಂದಳು ಮುನಿನಾರಾಯಣಮ್ಮ.

"ನಿಜ," ಎಂದ ಮುನೀಂದ್ರ.

ಇನ್ನೊಂದು ಕ್ಷಣ ಸುಮ್ಮನಿದ್ದರೆ ಎಲ್ಲ ಮುಗಿದುಹೋಗುತ್ತದೆ. ಮತ್ತೊಮ್ಮೆ, ಅವಳ ಕಣ್ಣೆದುರೇ...

"ಸುಳ್ಳು!"

ಕೂಗಿದ್ದು ತಾನೇ ಎಂದು ರಾಧಾಮಣಿಗೆ ನಂಬಿಕೆಯಾಗಲಿಲ್ಲ. ಎಲ್ಲರೂ ತಿರುಗಿ ನೋಡಿದರು.

"ಮಣಿ, ಬೇಡ!" ಅವನು ಒಂದು ಹೆಜ್ಜೆ ಮುಂದಿಟ್ಟ.

"ಸಾಕು ಮುನಿ. ಹತ್ತು ತಿಂಗಳು ಸಾಕು." ಅವಳು ಮುನಿಯಣ್ಣನವರ ಕಡೆ ತಿರುಗಿದಳು. "ಹಾಜರಿ ಕರೆದೋಳು ನಾನು. ನಿಮ್ಮ ಹೆಸರು ಅರ್ಧ ಬರ್ದಿದ್ದೆ. ಮುನಿ ಅಂದೆ, ಇವ್ರು ಬಂದೆ ಅಂದ್ರು. ಕೊನೇಲಿ ನಡೆಯೋ ಇವ್ರ ಹೆಸರು ಪಟ್ಟೀಲೇ ಇರ್ಲಿಲ್ಲ. ನಂಗದು ಗೊತ್ತಿತ್ತು. ಆದ್ರೂ ಟಿಕ್ ಹಾಕ್ದೆ... ಆಮೇಲೆ ಪಟ್ಟಿ ಹರಿದು ಹಾಕ್ದೆ."

"ಇವ್ನು ಯಾಕಮ್ಮ ಓಗೊಟ್ಟ?" ಭೀಮರಾಜ್ ಹುಬ್ಬು ಗಂಟಿಕ್ಕಿದರು.

"ಯಾಕಂದ್ರೆ... ನಾನು ಇವ್ರನ್ನ ಕರೆಯೋದೇ ಹಾಗೆ."

ಮುನಿನಾರಾಯಣಮ್ಮ ಎಲೆಅಡಿಕೆಯನ್ನು ಪಕ್ಕಕ್ಕೆ ಉಗುಳಿ, "ಅಯ್ಯೋ ಶಿವನೇ! ನಮ್ಮೂರಾಗೆ ಮುನಿ ಅಂತ ಕೂಗುದ್ರೆ ನಾನೂ ಸೇರಿ ಅರ್ಧ ಊರು ಎದ್ದು ಬತ್ತದೆ ಕಣವ್ವ!" ಎಂದಳು.

ಯಾರೋ ಕಿಸಕ್ಕೆಂದರು. ರಾಧಾಮಣಿ ನಗಲಿಲ್ಲ. ಮುನಿಯಣ್ಣನವರ ಪಾದಕ್ಕೆ ಬಾಗಿದಳು.

"ಆವತ್ತು ಗಂಟಲು ಹರಿಯೋ ಹಂಗೆ ಕೂಗ್ದೆ ಕಣಮ್ಮ," ಎಂದರು ಅವರು. "ಈಗಲೂ ನಿದ್ದೇಲಿ ಕೂಗ್ತೀನಂತೆ. ಹೋಗ್ಲಿ ಬಿಡು ಅಂತ ನಂಗೆ ಸುಲಭಕ್ಕೆ ಬಾಯಿ ಬರಲ್ಲ." ಊರುಗೋಲನ್ನು ಮುನೀಂದ್ರನ ಕಡೆ ಚಾಚಿದರು. "ಪ್ರತಿ ಮಂಗಳವಾರ ನನ್ನ ಕಾಲಿನ ವ್ಯಾಯಾಮಕ್ಕೆ ಆಸ್ಪತ್ರೆಗೆ ಕರ್ಕೊಂಡು ಹೋಗೋನು ಈ ಹುಡುಗ. ಒಂದು ವಾರನೂ ತಪ್ಸಿಲ್ಲ. ಅಮ್ಮಾ, ದಾರಿ ಇವ್ನಿಗೇ ಕೊಡಿ."

ಭೀಮರಾಜ್ ಟೋಪಿ ತೆಗೆದು ತಲೆ ಕೆರೆದುಕೊಂಡರು. ಮುನಿನಾರಾಯಣಮ್ಮ ಗೇಟಿನ ಬೀಗದ ಕೈಯನ್ನು ಮುನೀಂದ್ರನ ಅಂಗೈಗೆ ಹಾಕಿದಳು.

ಜನ ಊಟಕ್ಕೆ ಚದುರಿದ ಮೇಲೆ ಅವನು ಅವಳ ಪಕ್ಕ ಬಂದು ನಿಂತ.

"ಯಾಕೆ ಹೇಳ್ದೆ ಮಣಿ? ನಿನ್ನ ಹೆಸರು ಊರ ಬಾಯಿಗೆ ಬೀಳ್ಬಾರ್ದು ಅಂತ ತಾನೆ ನಾನು ಸುಮ್ನಿದ್ದೆ..."

"ಫೋನ್ ಯಾಕೆ ಎತ್ತಲಿಲ್ಲ?"

"ಎತ್ತಿದ್ರೆ ಎಲ್ಲರ ಹತ್ರ ನಿಜ ಹೇಳ್ತೀನಿ ಅಂತಿದ್ದೆ ನೀನು." ಅವನ ದನಿ ಇಳಿಯಿತು. "ತಪ್ಪು ನಂದೂ ಅಲ್ವಾ? ಪಟ್ಟೀಲಿ ನನ್ನ ಹೆಸರಿಲ್ಲ ಅಂತ ಗೊತ್ತು. ಆದ್ರೂ ನೀನು ಕರೆದೆ ಅಂದ್ಕೊಂಡು ಖುಷೀಲಿ ಬಂದೆ ಅಂದ್ಬಿಟ್ಟೆ. ಆ ಖುಷೀನೇ ನಂಗೆ ಮುಳ್ಳಾಗ್ಬಿಡ್ತು."

ತನ್ನದು ಮಾತ್ರ ಎಂದು ಅವಳು ಹೊತ್ತಿದ್ದ ಭಾರವನ್ನೇ ಇವನೂ ಹೊತ್ತಿದ್ದನಲ್ಲ! ಅವಳು ಬಿಕ್ಕಿ ಬಿಕ್ಕಿ ಅತ್ತಳು. ಅವನು ಅವಳ ಕೈ ಹಿಡಿದುಕೊಂಡ.

"ಈ ಮಂಗಳವಾರ ಆಸ್ಪತ್ರೆಗೆ ನಾನೂ ಬರ್ತೀನಿ," ಎಂದಳು ಕಣ್ಣೊರೆಸಿಕೊಂಡು.

"ಬೈಕಲ್ಲಿ ಮೂರು ಜನ ಹಿಡಿಸಲ್ಲ ಕಣೇ."

"ಆಟೋ ಮಾಡು."

"ನಿಮ್ಮಪ್ಪ ನೋಡಿದ್ರೆ?"

"ನೋಡೋಕೆ ಮುಂಚೆ ನಾನೇ ಹೇಳ್ತೀನಿ. ಇವತ್ತೇ. ಮೊದ್ಲು ತಪ್ಪು ಮಾಡಿದೀನಿ ಅಂತ... ಆಮೇಲೆ ಪ್ರೀತಿ ಮಾಡಿದೀನಿ ಅಂತ."

"ಯಾವುದಕ್ಕೆ ಜಾಸ್ತಿ ಬೈತಾರೆ?"

"ಎರಡನೇದಕ್ಕೆ!"

ಅವನಿಗೆ ನಗು ತಡೆಯಲಾಗಲಿಲ್ಲ. ಅಳುವಿನ ನಡುವೆಯೇ ಅವಳಿಗೂ ನಗು ಬಂತು.

"ಹಂಗಾದ್ರೆ ಬಾಗಿಲ ಹತ್ರ ನಿಂತಿರ್ತೀನಿ," ಎಂದ ಅವನು. "ಎರಡನೇದು ಶುರು ಮಾಡೋ ಮುಂಚೆ ನನ್ನ ಒಳಗೆ ಕರಿ."